48 ಗಂಟೆಯ ಗ್ಯಾರಂಟಿ, 4 ವರ್ಷ ಕಾಯಿಸುವ ಗಿಡ

ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದರೆ ಸಾಕು, ನನ್ನ ಫೋನಿನ ತುಂಬ ಗಿಡಗಳ ಜಾಹೀರಾತು ಶುರುವಾಗುತ್ತದೆ. ಮಲ್ಲಿಕಾ ಮಾವು 249 ರೂಪಾಯಿ. ಕೆಂಪು ತೊಳೆಯ ಹಲಸು 299. ತೈವಾನ್ ಪಿಂಕ್ ಸೀಬೆ 149. ಮೂರು ಗಿಡ ತೆಗೆದುಕೊಂಡರೆ ಕೊರಿಯರ್ ಖರ್ಚು ಇಲ್ಲ. ಜೊತೆಗೆ ಮೊಣಕಾಲೆತ್ತರದ ಗಿಡದಲ್ಲಿ ಗೊಂಚಲು ಗೊಂಚಲು ಹಣ್ಣು ತೂಗುವ ಫೋಟೋ. ನಾನೂ ತರಿಸಿದ್ದೇನೆ, ಇನ್ನೂ ತರಿಸುತ್ತೇನೆ. ನಮ್ಮ ಹಿತ್ತಲಿನ ಸೀಬೆ, ಸೀತಾಫಲ, ನಿಂಬೆ ಎಲ್ಲ ರಟ್ಟಿನ ಬಾಕ್ಸಲ್ಲೇ ಬಂದವು. ಆದರೆ ಆರ್ಡರ್ ಮಾಡುವಾಗ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತಲ್ಲ, ಅದು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ಗಿಡ ಮುರಿದು ಅಥವಾ ಒಣಗಿ ಬಂದಿದ್ದರೆ 48 ಗಂಟೆಯೊಳಗೆ ಬಾಕ್ಸ್ ತೆರೆಯುವ ವಿಡಿಯೋ ಕಳಿಸಬೇಕು, ಆಮೇಲೆ ಬಂದ ದೂರು ಕೇಳುವುದಿಲ್ಲ ಅಂತ. ಕೆಲವು ಕಡೆ ಅದು 24 ಗಂಟೆ, ಕೆಲವು ಕಡೆ 72. ಅರ್ಥ ಒಂದೇ.

48 ಗಂಟೆಯಲ್ಲಿ ಒಂದು ಗಿಡದ ಬಗ್ಗೆ ಏನು ತಿಳಿಯುತ್ತದೆ? ಕಾಂಡ ಮುರಿದಿದೆಯಾ, ಎಲೆ ಹಸಿರಾಗಿದೆಯಾ, ಬೇರಿನ ಮಣ್ಣು ಒಡೆದಿದೆಯಾ, ಅಷ್ಟೇ. ಅದು ಮಲ್ಲಿಕಾ ಹೌದಾ ಅಲ್ವಾ ಅಂತ ಗೊತ್ತಾಗುವುದು ಕಾಯಿ ಬಿಟ್ಟಾಗ. ಕಸಿ ಮಾವು ಎಷ್ಟು ಚೆನ್ನಾಗಿ ನೋಡಿಕೊಂಡರೂ ಮನೆಮಂದಿ ತಿನ್ನುವಷ್ಟು ಹಣ್ಣು ಕೊಡಲು ಮೂರು ನಾಲ್ಕು ವರ್ಷ ಬೇಕು. ಹಲಸಿಗೂ ಹೆಚ್ಚುಕಡಿಮೆ ಅಷ್ಟೇ. ಜಾಯಿಕಾಯಿಯ ಬೀಜದ ಗಿಡ ಹಾಕಿದರೆ ಅದು ಗಂಡೋ ಹೆಣ್ಣೋ ಅಂತ ತಿಳಿಯುವುದಕ್ಕೇ ಐದಾರು ವರ್ಷ ಹಿಡಿಯುತ್ತದೆ. ಮಿಕ್ಸಿ, ಚಪ್ಪಲಿ, ಫೋನು ತಪ್ಪಾಗಿ ಬಂದರೆ ಅವತ್ತೇ ಗೊತ್ತಾಗುತ್ತದೆ, ವಾಪಸ್ ಹೋಗುತ್ತದೆ. ಗಿಡದ ವಿಷಯದಲ್ಲಿ ನಾವು ದುಡ್ಡು ಕೊಟ್ಟು ತರಿಸುವುದು ಒಂದು ಹೆಸರನ್ನು. ಆ ಹೆಸರು ನಿಜವಾ ಅಂತ ತಿಳಿಯುವ ಹೊತ್ತಿಗೆ ಬಿಲ್ ಎಲ್ಲೋ ಕಳೆದಿರುತ್ತದೆ, ಅಂಗಡಿಯ ನಂಬರ್ ಬದಲಾಗಿರುತ್ತದೆ, ಮತ್ತೆ ಆ ಜಾಗದಲ್ಲಿ ಆಗಲೇ ಒಂದು ಮರ ಬೇರು ಬಿಟ್ಟು ನಿಂತಿರುತ್ತದೆ.

ಇದನ್ನು ಹೇಳಿದ ತಕ್ಷಣ ಎಲ್ಲರೂ ಹೇಳುವ ಮಾತು, "ಅದಕ್ಕೇ ಅಗ್ಗದ್ದು ತರಿಸಬಾರದು". ನನಗೆ ಈ ಮಾತು ಒಪ್ಪಿಗೆ ಇಲ್ಲ. ಗಿಡ ಅಗ್ಗವಾಗಿ ಸಿಗಬೇಕು, ಮನೆ ಬಾಗಿಲಿಗೂ ಬರಬೇಕು. ತುಮಕೂರಿನಂಥ ಊರಲ್ಲೇ ನೋಡಿ, ರಸ್ತೆ ಬದಿಯ ನರ್ಸರಿಗಳಲ್ಲಿ ಕ್ರೋಟನ್, ಅರೆಕಾ ಪಾಮ್, ಗುಲಾಬಿ, ದಾಸವಾಳ ಬೇಕಾದಷ್ಟು ಸಿಗುತ್ತದೆ. ಹಣ್ಣಿನ ಗಿಡ ಅಂದರೆ ನಾಲ್ಕೈದು ಜಾತಿ, ಅದೂ ಯಾವ ತಳಿ ಅಂತ ಕೇಳಿದರೆ "ಒಳ್ಳೆ ಜಾತಿ ಮೇಡಂ" ಅನ್ನುವ ಉತ್ತರ. ತೋಟಗಾರಿಕೆ ಸಂಶೋಧನಾ ಕೇಂದ್ರ ಇರುವ ಹಿರೇಹಳ್ಳಿ ನಮಗೆ ಹತ್ತಿರ, ನಮ್ಮ ಪುಣ್ಯ. ರಾಯಚೂರಿನವರೋ ಬೀದರಿನವರೋ ಬೆಂಗಳೂರು ಹತ್ತಿರದ ಹೆಸರಘಟ್ಟದ ಸಂಶೋಧನಾ ಸಂಸ್ಥೆಯ ಒಂದು ಕಸಿ ಗಿಡಕ್ಕೆ ರಜೆ ಹಾಕಿ ಬಸ್ಸು ಹತ್ತಿ ಬರಲಾಗುತ್ತದೆಯೇ? ಬಂದರೂ ಆ ದಿನ ಆ ತಳಿ ಇರಬೇಕಲ್ಲ. ಮಳೆಗಾಲ ಶುರುವಾಗುತ್ತಿದ್ದಂತೆ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕಡಿಮೆ ದರಕ್ಕೆ ಸಸಿ ಕೊಡುತ್ತಾರೆ. ಹೊಂಗೆ, ಬೇವು, ನೇರಳೆ, ಹೆಬ್ಬೇವು, ಸಿಲ್ವರ್ ಓಕ್ ಎಲ್ಲ ಅಲ್ಲೇ ತರುವುದು ಒಳ್ಳೆಯದು. ಬೀಜದಿಂದ ಬರುವ ಅಂಥ ಮರಗಳಲ್ಲಿ ತಳಿಯ ತಲೆನೋವು ಅಷ್ಟಿಲ್ಲ. ಇನ್ನು ಬೀದಿಯಲ್ಲಿ ಬರುವ ಗಿಡದ ಟೆಂಪೋಗಳು. ಅದರಲ್ಲಿ ಬರುವ ಗಿಡಗಳಲ್ಲಿ ಎಷ್ಟೋ ಆಂಧ್ರದ ರಾಜಮಂಡ್ರಿ ಹತ್ತಿರದ ಕಡಿಯಂ ಕಡೆಯವು. ಕೊರಿಯರ್ ಬಾಕ್ಸಿನಲ್ಲಿ ಬರುವುದೂ ಎಷ್ಟೋ ಸಲ ಅಲ್ಲಿಯದೇ. ಗೋದಾವರಿ ದಡದ ಆ ಊರುಗಳಲ್ಲಿ ನರ್ಸರಿ ಪಕ್ಕ ನರ್ಸರಿ, ಇಡೀ ಭಾರತಕ್ಕೆ ಗಿಡ ಹೋಗುವುದು ಅಲ್ಲಿಂದ. ಹಾಗಾಗಿ ಕೈಯಾರೆ ಮುಟ್ಟಿ ನೋಡಿ ತಂದರೂ, ಕುಳಿತಲ್ಲೇ ತರಿಸಿದರೂ, ಹೆಸರಿನ ವಿಷಯದಲ್ಲಿ ಹೆಚ್ಚು ವ್ಯತ್ಯಾಸ ಆಗುವುದಿಲ್ಲ.

ಬಾಕ್ಸ್ ತೆರೆದಾಗ

ಕೊರಿಯರ್‌ನಲ್ಲಿ ಗಿಡ ಬಂದ ದಿನ ನಾನು ಬೇರೆ ಕೆಲಸ ಪಕ್ಕಕ್ಕಿಟ್ಟು ಅದನ್ನೇ ಮೊದಲು ತೆಗೆಯುತ್ತೇನೆ. ಸೀತಾಫಲ ಬಂದದ್ದು ಚೆನ್ನಾಗಿ ನೆನಪಿದೆ. ಉದ್ದನೆಯ ಕಿರಿದಾದ ರಟ್ಟಿನ ಪೆಟ್ಟಿಗೆ, ಬದಿಯಲ್ಲಿ ಬೆರಳು ತೂರುವಷ್ಟು ತೂತುಗಳು, ಮೇಲೆ ಬಾಣದ ಗುರುತು. ಆ ಬಾಣ ಕೆಳಮುಖವಾಗಿಯೇ ದಾರಿಯುದ್ದಕ್ಕೂ ಬಂದಿತ್ತು ಅಂತ ಒಳಗೆ ನೋಡಿದಾಗ ತಿಳಿಯಿತು. ಖಾಲಿ ಜಾಗಕ್ಕೆಲ್ಲ ತೆಲುಗು ಪೇಪರ್ ಉಂಡೆ ಮಾಡಿ ತುರುಕಿದ್ದರು. ಗಿಡವನ್ನು ಒಂದು ಬಿದಿರು ಕಡ್ಡಿಗೆ ಎರಡು ಕಡೆ ಕಟ್ಟಿದ್ದರು. ಬೇರಿನ ಸುತ್ತ ತೆಂಗಿನ ನಾರಿನ ಪುಡಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಸುತ್ತಲೂ ಗೋಣಿದಾರ. ಬಿಚ್ಚಿದಾಗ ಒದ್ದೆ ನಾರಿನ ವಾಸನೆ ಬಂತು, ಒಂದು ಹಿಡಿ ಪುಡಿ ನೆಲಕ್ಕೆ ಉದುರಿತು. ಕೆಳಗಿನ ಎಲೆಗಳು ಹಳದಿ, ಮುಟ್ಟಿದರೆ ಕಳಚಿ ಬರುತ್ತಿದ್ದವು. ತುದಿಯ ಒಂದು ಚಿಗುರು ಮಾತ್ರ ನೆಟ್ಟಗೆ ಇತ್ತು. ಬುಡದಿಂದ ಒಂದು ಗೇಣು ಮೇಲೆ ಕಸಿ ಕಟ್ಟಿದ ಜಾಗ, ಅದರ ಮೇಲೆ ಇನ್ನೂ ಬಿಗಿಯಾಗಿ ಕೂತಿದ್ದ ಪ್ಲಾಸ್ಟಿಕ್ ಪಟ್ಟಿ. ಅದನ್ನು ಬ್ಲೇಡಿನಲ್ಲಿ ಮೆಲ್ಲಗೆ ಸೀಳಿದೆ. ಪಟ್ಟಿ ಕಾಂಡಕ್ಕೆ ಕಚ್ಚಿದ ಗುರುತು ಉಂಗುರದ ಹಾಗೆ ಉಳಿದಿತ್ತು. ಅದನ್ನು ಹಾಗೇ ಬಿಟ್ಟಿದ್ದರೆ ಗಿಡ ದಪ್ಪವಾದಂತೆ ಅಲ್ಲೇ ಕತ್ತು ಹಿಸುಕಿದಂತಾಗುತ್ತಿತ್ತು. ಕಸಿ ಗಿಡ ತಂದವರು ಈ ಪಟ್ಟಿಯನ್ನು ಮರೆಯಲೇಬಾರದು. ಕಸಿ ಕೂಡಿಕೊಂಡ ಮೇಲೆ ಪಟ್ಟಿಗೆ ಕೆಲಸವಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಕಡಿಯಂ ಕಡೆಯ ಗಿಡಗಳು ಸಾಮಾನ್ಯವಾಗಿ ಜೇಡಿಮಣ್ಣಿನ ಉಂಡೆಯಲ್ಲಿ ಇರುತ್ತವೆ. ಆ ಮಣ್ಣು ಒಣಗಿದರೆ ಕಲ್ಲಾಗುತ್ತದೆ. ಕೊರಿಯರ್‌ನವರು ತೂಕಕ್ಕೆ, ಪೆಟ್ಟಿಗೆಯ ಅಳತೆಗೆ ದುಡ್ಡು ಹಾಕುವುದರಿಂದ ಕೆಲವರು ಮಣ್ಣು ಉದುರಿಸಿ ನಾರಿನ ಪುಡಿ ತುಂಬಿ ಕಳಿಸುತ್ತಾರೆ. ಹಾಗೆ ಮಾಡುವಾಗ ಸಣ್ಣ ಬೇರುಗಳು ಕಿತ್ತುಹೋಗುತ್ತವೆ. ಎಲೆ ಉದುರುವುದು ಆ ಕಾರಣಕ್ಕೆ. ನೀರು ಎಳೆಯುವ ಬೇರು ಕಡಿಮೆಯಾಗಿದೆ, ಗಿಡ ಎಲೆ ಬಿಟ್ಟುಕೊಟ್ಟು ಜೀವ ಉಳಿಸಿಕೊಳ್ಳುತ್ತಿದೆ. ಗಾಬರಿಯಾಗಿ ಗೊಬ್ಬರ ಸುರಿಯಬಾರದು. ಒಂದು ಕುಂಡಕ್ಕೋ ಕವರಿಗೋ ಹಾಕಿ, ಮರದ ನೆರಳಲ್ಲಿ ಇಟ್ಟು, ಹದವಾಗಿ ನೀರು ಕೊಟ್ಟು, ಹೊಸ ಚಿಗುರು ಕಾಣುವವರೆಗೆ ಕಾಯಬೇಕು. ಗುಣಿಗೆ ಇಡುವಾಗ ಉಂಡೆಯ ಹೊರಮೈಯನ್ನು ಬೆರಳಲ್ಲಿ ಸ್ವಲ್ಪ ಸಡಿಲ ಮಾಡಬೇಕು. ಇಲ್ಲವಾದರೆ ನಮ್ಮ ಕೆಂಪು ಮಣ್ಣು ಒದ್ದೆಯಾಗಿದ್ದರೂ ಒಳಗಿನ ನಾರಿನ ಉಂಡೆ ಒಣಗಿಕೊಂಡೇ ಇರುತ್ತದೆ, ಬೇರು ಹೊರಗೆ ಬರುವುದಿಲ್ಲ.

ಮತ್ತೆ ಗಾತ್ರ. 249ಕ್ಕೆ ಒಂದೂವರೆ ಅಡಿ ಗಿಡ, 900ಕ್ಕೆ ನಾಲ್ಕಡಿ ಗಿಡ ಅಂತ ಎರಡೂ ಇದ್ದರೆ ನಾನು ಕಣ್ಣು ಮುಚ್ಚಿ ಚಿಕ್ಕದನ್ನೇ ಆರಿಸುತ್ತೇನೆ. ದುಡ್ಡು ಉಳಿಯುತ್ತದೆ ಅನ್ನುವುದಕ್ಕಿಂತ ಬೇರಿನ ಕಾರಣಕ್ಕೆ. ಸಣ್ಣ ಕವರಿನಲ್ಲಿ ಎರಡು ಮೂರು ವರ್ಷ ನಿಂತ ಎತ್ತರದ ಗಿಡದ ತಾಯಿಬೇರು ಕೆಳಗೆ ಜಾಗ ಸಿಗದೆ ಒಳಗೇ ಸುತ್ತಿಕೊಂಡಿರುತ್ತದೆ. ಮಾವು, ಹಲಸಿನಂಥ ಮರಕ್ಕೆ ಅದು ಜೀವಮಾನದ ತೊಂದರೆ. ದೊಡ್ಡದಾದ ಮೇಲೆ ಜೋರು ಗಾಳಿಗೆ ಬುಡಸಮೇತ ಉರುಳುವ ಮರಗಳ ಬೇರು ನೋಡಿದರೆ ಕವರಿನ ಆಕಾರದಲ್ಲೇ ಸುರುಳಿ ಸುತ್ತಿರುವುದು ಕಾಣುತ್ತದೆ. ಚಿಕ್ಕ ಗಿಡ ಬೇಗ ಬೇರು ಇಳಿಸುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಎಷ್ಟೋ ಸಲ ದೊಡ್ಡದರ ಜೊತೆ ಸಮಕ್ಕೆ ನಿಲ್ಲುತ್ತದೆ. ಹಾಗಾಗಿ ಅಗ್ಗದ ಎಳೆ ಗಿಡ ತರಿಸುವುದು ತಪ್ಪಲ್ಲ, ಅದೇ ಸರಿ.

ಅಂಚೆಯಲ್ಲಿ ಬಂದ ಸೇಬು

ದೂರದಿಂದ ಗಿಡ ತರಿಸುವುದಕ್ಕೆ ಹೇಳಿ ಮಾಡಿಸಿದ ಗಿಡ ಅಂದರೆ ಸೇಬು. ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ಹರಿಮನ್ ಶರ್ಮಾ ಅನ್ನುವ ರೈತರು ಬಿಸಿ ಪ್ರದೇಶದಲ್ಲೂ ಹಣ್ಣು ಬಿಡುವ ಎಚ್‌ಆರ್‌ಎಂಎನ್-99 ಅನ್ನುವ ಸೇಬನ್ನು ಬೆಳೆಸಿದರು. ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆ ಸೇಬಿನ ಗಿಡಗಳು ಚಳಿಗಾಲದಲ್ಲಿ ದೇಶದ ಮೂಲೆ ಮೂಲೆಗೆ ಹೋಗುತ್ತವೆ, ಕರ್ನಾಟಕಕ್ಕೂ ಬಂದಿವೆ. ನಮ್ಮ ಭಾವನವರು ಚಿಕ್ಕಮಗಳೂರಿನಲ್ಲಿ ತರಿಸಿದಾಗ ನಾನು ಅಲ್ಲೇ ಇದ್ದೆ. ಬಂದದ್ದು ಕಡ್ಡಿಗಳ ಕಟ್ಟು. ಒಂದು ಎಲೆ ಇಲ್ಲ, ಒಂದು ಚೂರು ಮಣ್ಣಿಲ್ಲ. ಒದ್ದೆ ಪಾಚಿಯಲ್ಲಿ ಬೇರು ಸುತ್ತಿ ಮೇಲೆ ಪ್ಲಾಸ್ಟಿಕ್ ಬಿಗಿದಿದ್ದರು. ಅಕ್ಕ ಅದನ್ನು ನೋಡಿ, "ಇದು ಬದುಕುತ್ತಾ?" ಅಂತ ಕೇಳಿದಳು. ಬದುಕಿತು. ಚಳಿ ದೇಶದ ಮರಗಳು ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಿಬಿಡುತ್ತವೆ. ಆಗ ಅವಕ್ಕೆ ನೀರಿನ ಖರ್ಚು ತೀರಾ ಕಡಿಮೆ, ಬೇರು ತೇವವಾಗಿದ್ದರೆ ವಾರಗಟ್ಟಲೆ ದಾರಿಯಲ್ಲಿದ್ದರೂ ತಡೆದುಕೊಳ್ಳುತ್ತವೆ. ಅಮೆರಿಕದಲ್ಲಿ ಅಂಚೆಯಲ್ಲಿ ಗಿಡ ಮಾರುವ ವ್ಯಾಪಾರ ಅಷ್ಟು ದೊಡ್ಡದಾಗಿ ಬೆಳೆದದ್ದು ಇದೇ ನಿದ್ದೆಯ ಮೇಲೆ. ನಮ್ಮ ಮಾವು, ಹಲಸು, ಸಪೋಟ ಹಾಗೆ ಮಲಗುವ ಮರಗಳಲ್ಲ. ಅವು ವರ್ಷಪೂರ್ತಿ ಎಲೆ ಹೊತ್ತು ನಿಂತಿರುತ್ತವೆ, ಬೇರು ಬರಿದು ಮಾಡಿದರೆ ಸಾಯುತ್ತವೆ. ಅದಕ್ಕೇ ಮಣ್ಣೋ ನಾರೋ ಕಟ್ಟಿ, ಭಾರ ಹೊತ್ತು, ಬೇಗ ತಲುಪಿಸಬೇಕು. ತರಿಸುವವರು ಕಡು ಬೇಸಿಗೆ ಬಿಟ್ಟು ಜೂನ್-ಜುಲೈ ಹಿಡಿದರೆ ದಾರಿಯಲ್ಲಿ ಸಾಯುವ ಗಿಡಗಳು ಅರ್ಧಕ್ಕರ್ಧ ಕಡಿಮೆ ಆಗುತ್ತವೆ ಅಂತ ನನ್ನ ಅಂದಾಜು.

ಸೇಬಿನ ಹೆಸರು ಬಂದಾಗ ಇನ್ನೊಂದು ಕಥೆ ಹೇಳಬೇಕು, ನಾನು ಹೇಳಲು ಹೊರಟಿರುವ ವಿಷಯಕ್ಕೇ ಅದು ಬಂದು ಸೇರುತ್ತದೆ. ಅಮೆರಿಕದ ಮಿಸೌರಿಯಲ್ಲಿ ಸ್ಟಾರ್ಕ್ ಅನ್ನುವ ಮನೆತನದವರು 1816ರಲ್ಲಿ ಶುರು ಮಾಡಿದ ಒಂದು ನರ್ಸರಿ ಇದೆ. ಅವರು 1893ರಲ್ಲಿ ಒಂದು ಹಣ್ಣಿನ ಸ್ಪರ್ಧೆ ಇಟ್ಟರು. ಅಯೋವಾದ ಜೆಸ್ಸಿ ಹಯಾಟ್ ಅನ್ನುವ ರೈತ ತನ್ನ ತೋಟದಲ್ಲಿ ತಾನಾಗಿ ಹುಟ್ಟಿದ ಒಂದು ಸೇಬಿನ ಮರದ ಹಣ್ಣು ಕಳಿಸಿದ. ನರ್ಸರಿಯವರಿಗೆ ತಿಂದು ನೋಡಿ ಬಹಳ ಹಿಡಿಸಿತು. ಆದರೆ ಕಳಿಸಿದವರ ಹೆಸರು, ವಿಳಾಸ ಇದ್ದ ಚೀಟಿ ಕಳೆದುಹೋಗಿತ್ತು. ಮರ ಎಲ್ಲಿದೆ ಅಂತ ಗೊತ್ತಿಲ್ಲದ ಮೇಲೆ ಆ ಹಣ್ಣಿಟ್ಟುಕೊಂಡು ಏನು ಮಾಡುವುದು? ಮುಂದಿನ ವರ್ಷ ಆ ರೈತ ಮತ್ತೆ ಕಳಿಸಿದ್ದರಿಂದ ಮರ ಸಿಕ್ಕಿತು, ನರ್ಸರಿಯವರು ಅದರ ಹಕ್ಕು ಕೊಂಡುಕೊಂಡರು. ಅದೇ ಇವತ್ತು ನಮ್ಮ ಅಂಗಡಿಗಳಲ್ಲೂ ಕಾಣುವ ರೆಡ್ ಡೆಲಿಷಿಯಸ್. ಬೀಜ ಬಿತ್ತಿದರೆ ಅದೇ ಹಣ್ಣು ಬರುವುದಿಲ್ಲ, ಕಸಿ ಕಟ್ಟಲು ಆ ಮರದ ಕಡ್ಡಿಯೇ ಬೇಕು. ಒಂದು ಚೀಟಿ ಕಳೆದರೆ ಒಂದು ತಳಿಯೇ ಕಳೆದ ಹಾಗೆ.

ಮೇಷ್ಟ್ರ ಮನೆಯ ಮಾವು

ನಮ್ಮ ಮನೆಯಿಂದ ಎರಡು ಮನೆ ಆಚೆ ಇರುವ ಮೇಷ್ಟ್ರು ರಿಟೈರ್ ಆದ ವರ್ಷ ಒಂದು ಮಲ್ಲಿಕಾ ತರಿಸಿದರು. ಯಾವುದೋ ಶಿಷ್ಯನ ತೋಟದಲ್ಲಿ ಅದನ್ನು ತಿಂದಾಗಿನಿಂದ ಮನೆಯಲ್ಲಿ ಒಂದು ಇರಲೇಬೇಕು ಅಂತ ಅವರಿಗೆ ಆಸೆ. ಮಲ್ಲಿಕಾ ಅಂದರೆ ನೀಲಂ ಮತ್ತು ದಸೇರಿಯನ್ನು ಕೂಡಿಸಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯವರು ಮಾಡಿದ ತಳಿ. ವಾಟೆ ತೆಳ್ಳಗೆ, ನಾರು ಇಲ್ಲ, ಕಿತ್ತು ಬುಟ್ಟಿಯಲ್ಲಿಟ್ಟರೆ ನಿಧಾನವಾಗಿ ಹಣ್ಣಾಗುತ್ತದೆ. ಮೇಷ್ಟ್ರು ಬೇಸಿಗೆಯಲ್ಲೇ ಗುಣಿ ತೋಡಿಸಿ ಬಿಸಿಲು ಕಾಯಿಸಿದರು. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಬೆರೆಸಿ ಮುಚ್ಚಿ, ಮಳೆ ಬಿದ್ದ ಮೇಲೆ ಗಿಡ ಇಟ್ಟರು. ಮೊದಲ ವರ್ಷಗಳಲ್ಲಿ ಹೂ ಬಂದರೆ ಅವರೇ ಚಿವುಟಿ ಹಾಕುತ್ತಿದ್ದರು, ಗಿಡ ಗಟ್ಟಿಯಾಗಲಿ ಅಂತ. ಮೊಮ್ಮಕ್ಕಳು ಬಂದಾಗಲೆಲ್ಲ ಅದರ ಹತ್ತಿರ ನಿಲ್ಲಿಸಿ ಮಲ್ಲಿಕಾ ಅಂತ ಹೆಸರು ಹೇಳಿಕೊಡುತ್ತಿದ್ದರು. ನಾಲ್ಕನೇ ವರ್ಷ ಹೂವನ್ನು ಹಾಗೇ ಬಿಟ್ಟರು.

ಕಾಯಿ ಕಡಲೆ ಗಾತ್ರ ಇದ್ದಾಗ ಏನೂ ತಿಳಿಯುವುದಿಲ್ಲ. ಗೋಲಿ ಗಾತ್ರಕ್ಕೆ ಬಂದರೂ ತಿಳಿಯುವುದಿಲ್ಲ. ಮಾರ್ಚ್ ಹೊತ್ತಿಗೆ ಒಂದು ಬೆಳಿಗ್ಗೆ ಮೇಷ್ಟ್ರು ಗೇಟಿನ ಹತ್ತಿರ ನಿಂತು ನನ್ನನ್ನು ಕರೆದರು. ಒಂದು ಗೊಂಚಲನ್ನು ಅಂಗೈ ಮೇಲೆ ಇಟ್ಟುಕೊಂಡಿದ್ದರು, ಕೀಳದೆ, ಮರದಲ್ಲಿರುವಂತೆಯೇ. "ನೋಡಮ್ಮ, ತುದಿ ನೋಡು" ಅಂದರು. ಕಾಯಿ ಉದ್ದವಾಗುತ್ತಿತ್ತು. ತುದಿಯಲ್ಲಿ ಒಂದು ಕಡೆಗೆ ಚೂಪಾಗಿ, ಸ್ವಲ್ಪ ಬಾಗಿ, ಸಣ್ಣ ಕೊಕ್ಕು ಮೂಡಿತ್ತು. ಒಂದೇ ಕಾಯಿಯಲ್ಲಲ್ಲ, ಗೊಂಚಲಿನ ಎಲ್ಲದರಲ್ಲೂ. "ಇದು ಗಿಣಿಮೂತಿ ಅಲ್ವೇನಮ್ಮ?"

"ಇನ್ನೂ ಎಳೆಯದು ಮೇಷ್ಟ್ರೇ, ಸ್ವಲ್ಪ ದಿನ ನೋಡೋಣ" ಅಂದೆ. ನೋಡುವುದಕ್ಕೆ ಏನೂ ಇರಲಿಲ್ಲ. ನಮ್ಮ ಕಡೆ ಗಿಣಿಮೂತಿಯನ್ನು ಗುರುತು ಹಿಡಿಯದವರು ಯಾರಿದ್ದಾರೆ? ಅವರ ಮನೆಯವರು ಒಳಗಿಂದ ಬಂದು, "ಆದರೆ ಏನೀಗ, ಉಪ್ಪು ಖಾರ ಹಚ್ಚಿ ತಿನ್ನೋಣ, ಉಪ್ಪಿನಕಾಯಿ ಹಾಕ್ತೀನಿ" ಅಂತ ಸಮಾಧಾನ ಹೇಳಿದರು. ಮೇಷ್ಟ್ರು, "ಹಣ್ಣಿನ ಮಾತಲ್ಲ ಕಣೇ. ಇಷ್ಟು ವರ್ಷ ಯಾವ ಹೆಸರು ಹೇಳಿಕೊಂಡು ನೀರು ಹಾಕಿದೆ ಅನ್ನೋದು" ಅಂದರು. ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಅವರ ಮಗ ಗಿಡ ಕಳಿಸಿದವರಿಗೆ ಫೋನ್ ಮಾಡಿದ. ಎತ್ತಿದವರು ಮರ್ಯಾದೆಯಿಂದಲೇ ಮಾತಾಡಿದರಂತೆ. ಅಷ್ಟು ಹಳೆಯ ಆರ್ಡರ್ ನಮ್ಮ ಸಿಸ್ಟಂನಲ್ಲಿ ಇಲ್ಲ ಸರ್ ಅಂದರಂತೆ. ಅಷ್ಟೇ, ಅಲ್ಲಿಗೆ ಮುಗಿಯಿತು. 1966ರ ಬೀಜ ಕಾಯ್ದೆ ಬೀಜ ಅನ್ನುವುದರ ಅರ್ಥದಲ್ಲಿ ಆಹಾರ ಬೆಳೆಗಳ ಕಸಿ ಗಿಡಗಳನ್ನೂ ಸೇರಿಸುತ್ತದೆ. ಆದರೆ ಹಿತ್ತಲಿಗೆ ಒಂದೇ ಒಂದು ಗಿಡ ತರಿಸಿದವರು ಅದನ್ನು ಹಿಡಿದುಕೊಂಡು ಯಾರ ಬಾಗಿಲಿಗೆ ಹೋಗುತ್ತಾರೆ?

ಇದೆಲ್ಲ ಬೇಕಂತಲೇ ಮಾಡಿದ ಮೋಸ ಅಂತ ನಾನು ಹೇಳುವುದಿಲ್ಲ. ನರ್ಸರಿಯಲ್ಲಿ ಸಾವಿರಾರು ಕಸಿ ಗಿಡಗಳು ಸಾಲಾಗಿ ನಿಂತಿರುತ್ತವೆ. ಎಳೆ ಗಿಡದಲ್ಲಿ ಒಂದು ಮಾವಿನ ತಳಿಗೂ ಇನ್ನೊಂದಕ್ಕೂ ವ್ಯತ್ಯಾಸ ಹೇಳುವುದು ಪಳಗಿದವರಿಗೂ ಕಷ್ಟ. ಒಂದು ಸಾಲು ಸರಿಸುವಾಗ ಚೀಟಿ ಬಿದ್ದರೆ, ಪ್ಯಾಕ್ ಮಾಡುವ ಹುಡುಗ ಪಕ್ಕದ ಸಾಲಿಂದ ಎತ್ತಿಕೊಂಡರೆ, ಮುಗಿಯಿತು. ಇನ್ನೊಂದು ದಾರಿಯಲ್ಲೂ ತಪ್ಪು ನುಸುಳುತ್ತದೆ. ಕಸಿಗೆ ಕೆಳಗಿನ ಗಿಡ ಬೆಳೆಸುವುದು ಸಿಕ್ಕ ವಾಟೆಗಳಿಂದ, ಅದರಲ್ಲೂ ರಸದ ಫ್ಯಾಕ್ಟರಿಗಳಿಂದ ರಾಶಿ ರಾಶಿ ಸಿಗುವ ಗಿಣಿಮೂತಿ ವಾಟೆಯಿಂದ. ಮೇಲೆ ಕಟ್ಟಿದ ಕುಡಿ ಸತ್ತು ಕೆಳಗಿನ ಗಿಡ ಚಿಗುರಿಕೊಂಡರೆ ನಾವು ಸಾಕುವುದು ಆ ವಾಟೆ ಗಿಡವನ್ನೇ. ಅದಕ್ಕೇ ಕಸಿ ಕಟ್ಟಿದ ಜಾಗದ ಕೆಳಗೆ ಬರುವ ಚಿಗುರನ್ನೆಲ್ಲ ಕಂಡಕಂಡಾಗ ಮುರಿಯಬೇಕು. ಮೇಷ್ಟ್ರ ಮರದಲ್ಲಿ ಹಾಗಾಗಿರಲಿಲ್ಲ. ಕಸಿಯ ಗಂಟು ಸರಿಯಾಗಿಯೇ ಇತ್ತು, ಮೇಲಿನ ಕುಡಿಯೇ ಬೆಳೆದಿತ್ತು. ಕಟ್ಟಿದ ಕಡ್ಡಿಯೇ ಗಿಣಿಮೂತಿಯದು.

ಕಳೆದ ವರ್ಷ ಅವರು ಮಾವಿನ ಕೊಂಬೆಗಳನ್ನು ತರಿದು, ಬಂದ ಹೊಸ ಚಿಗುರುಗಳಿಗೆ ಮಳೆಗಾಲದಲ್ಲಿ ಅದೇ ಶಿಷ್ಯನ ತೋಟದ ಮಲ್ಲಿಕಾ ಕಡ್ಡಿ ತಂದು ಕಸಿ ಕಟ್ಟಿಸಿದರು. ತಪ್ಪು ತಳಿ ಬಂದವರಿಗೆ ಈ ದಾರಿ ಇದೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ, ಸಿಟ್ಟಿನಲ್ಲಿ ಮರವನ್ನೇ ಕಡಿದು ಹಾಕುತ್ತಾರೆ. ಬೇರು ಇಳಿದ ಮರದ ಮೇಲೆ ಕಟ್ಟಿದ ಕುಡಿ ಬೇಗ ಬರುತ್ತದೆ. ಒಂದು ಕೊಂಬೆಯನ್ನು ಮಾತ್ರ ಅವರ ಮನೆಯವರು ಕಡಿಯಲು ಬಿಡಲಿಲ್ಲ, ಉಪ್ಪಿನಕಾಯಿಗೆ ಬೇಕು ಅಂತ.

ತಾಯಿ ಮರ ಎಲ್ಲಿದೆ?

ಅದಾದ ಮೇಲೆ ನಾನು ಗಿಡ ಮಾರುವವರನ್ನು ಕೇಳುವ ಪ್ರಶ್ನೆ ಬದಲಾಯಿತು. ಎಷ್ಟು ಎತ್ತರ, ಎಷ್ಟು ದಿನಕ್ಕೆ ಬರುತ್ತದೆ ಅಂತ ಈಗ ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು, ಇದರ ಕಡ್ಡಿ ಯಾವ ಮರದ್ದು, ಆ ಮರ ಎಲ್ಲಿದೆ, ಅದರ ಹಣ್ಣು ನೀವು ತಿಂದಿದ್ದೀರಾ?

ತಾಯಿ ಮರಕ್ಕೆ ಎಷ್ಟು ಬೆಲೆ ಇದೆ ಅನ್ನುವುದಕ್ಕೆ ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರಿಗಿಂತ ಒಳ್ಳೆಯ ಸಾಕ್ಷಿ ಬೇಡ. ಅಲ್ಲಿನ ರೈತ ಪರಮೇಶ್ ಅವರ ತೋಟದಲ್ಲಿ ತಂದೆ ಸಿದ್ದಪ್ಪನವರು ನೆಟ್ಟ ಒಂದು ಹಲಸಿನ ಮರ. ತಾಮ್ರಗೆಂಪು ತೊಳೆ, ಎರಡೂವರೆ ಕೆಜಿ ಆಸುಪಾಸಿನ ಸಣ್ಣ ಹಣ್ಣು, ಒಂದು ಮನೆಗೆ ಒಂದು ಹೊತ್ತಿಗೆ ಸರಿಹೋಗುವಂಥದ್ದು. ಹಿರೇಹಳ್ಳಿಯ ಕೇಂದ್ರದವರು ಅದನ್ನು ಪರೀಕ್ಷಿಸಿ, 2017ರಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಆ ರೈತರ ಜೊತೆ ಒಪ್ಪಂದ ಮಾಡಿಕೊಂಡು, ಅವರ ತಂದೆಯ ಹೆಸರಲ್ಲೇ ಸಿದ್ದು ಹಲಸು ಅಂತ ಕಸಿ ಗಿಡ ಮಾಡಿ ಕೊಡಲು ಶುರು ಮಾಡಿತು. ಮಾರಿದ ಹಣದಲ್ಲಿ ದೊಡ್ಡ ಪಾಲು ರೈತರಿಗೆ. ಇಲ್ಲಿ ಹೆಸರಿಗೆ ಒಂದು ಮರ ಇದೆ, ಮರಕ್ಕೆ ಒಂದು ಊರು ಇದೆ, ಕೇಳಿದರೆ ಉತ್ತರ ಹೇಳುವ ಮನುಷ್ಯರಿದ್ದಾರೆ. ತೆಂಗಿನಲ್ಲಂತೂ ಕಸಿ ಕಟ್ಟುವುದೇ ಇಲ್ಲ, ಎಲ್ಲವೂ ತಾಯಿ ಮರದ ಮೇಲೇ ನಿಂತಿದೆ. ತಿಪಟೂರಿನ ನಮ್ಮ ಚಿಕ್ಕಪ್ಪ ಹೊರಗಿನಿಂದ ಒಂದೇ ಒಂದು ತೆಂಗಿನ ಸಸಿ ತಂದವರಲ್ಲ. ತೋಟದಲ್ಲಿ ಇಂಥ ಮರದ ಕಾಯಿ ಅಂತ ಗುರುತು ಮಾಡಿಟ್ಟು ಅದನ್ನೇ ಮೊಳಕೆಗೆ ಹಾಕುತ್ತಾರೆ.

ಇದಕ್ಕೆ ಹೋಲಿಸಿ ಜಾಹೀರಾತಿನ ಹೆಸರುಗಳನ್ನು ನೋಡಿ. ಮಿಯಾಝಾಕಿ ಮಾವು ಕೆಜಿಗೆ ಲಕ್ಷಗಟ್ಟಲೆ ಅಂತ ಹೇಳಿ ಗಿಡ ಮಾರುತ್ತಾರೆ. ಜಪಾನಿನ ಮಿಯಾಝಾಕಿಯಲ್ಲಿ ಬೆಳೆಯುವುದು ಇರ್ವಿನ್ ಅನ್ನುವ ಫ್ಲಾರಿಡಾ ಮೂಲದ ತಳಿ. ಅದಕ್ಕೆ ಆ ಬೆಲೆ ಬಂದದ್ದು ಹಸಿರುಮನೆಯೊಳಗೆ ಒಂದೊಂದು ಹಣ್ಣಿಗೂ ಬಲೆ ಕಟ್ಟಿ ಬೆಳೆಸಿ, ತೂಕ, ಸಿಹಿ, ಬಣ್ಣ ಎಲ್ಲ ಅಳೆದು, ತೀರಾ ಒಳ್ಳೆಯದನ್ನು ಮಾತ್ರ ಹರಾಜಿಗೆ ಇಡುವುದರಿಂದ. ಗಿಡ ನಿಜವಾದ ಇರ್ವಿನ್ನೇ ಆಗಿದ್ದರೂ ನಮ್ಮ ಹಿತ್ತಲಲ್ಲಿ ಆ ಬೆಲೆ ಬಿಡುವುದಿಲ್ಲ. ವರ್ಷಪೂರ್ತಿ ಬಿಡುವ ಮಾವು ಅನ್ನುವುದು ಪೂರ್ತಿ ಸುಳ್ಳಲ್ಲ, ರಾಜಸ್ಥಾನದ ಕೋಟಾದ ಶ್ರೀಕಿಶನ್ ಸುಮನ್ ಅನ್ನುವ ರೈತರು ಬೆಳೆಸಿದ ಸದಾಬಹಾರ್ ಅಂಥದ್ದೇ. ಆದರೆ ಆಲ್ ಸೀಸನ್ ಅಂತ ಮಾತ್ರ ಬರೆದು ತಳಿಯ ಹೆಸರೇ ಹಾಕದಿದ್ದರೆ ನಾವು ಯಾವುದನ್ನು ನಂಬಿ ದುಡ್ಡು ಕೊಡುವುದು? ಹೆಸರೇ ಇಲ್ಲದ ಗಿಡವನ್ನು ನಾನು 50 ರೂಪಾಯಿಗೂ ತೆಗೆದುಕೊಳ್ಳುವುದಿಲ್ಲ.

ನನ್ನ ಪ್ರಶ್ನೆಗೆ ಎಷ್ಟೋ ಕಡೆ ಉತ್ತರ ಬರುವುದಿಲ್ಲ. ಕೆಲವರು ಮತ್ತೊಂದು ಹಣ್ಣಿನ ಫೋಟೋ ಕಳಿಸುತ್ತಾರೆ. ಆದರೆ ಶಿವಮೊಗ್ಗ ಕಡೆಯ ಒಂದು ಚಿಕ್ಕ ನರ್ಸರಿಗೆ ಕೆಂಪು ಹಲಸಿಗಾಗಿ ಫೋನ್ ಮಾಡಿದಾಗ ಎತ್ತಿಕೊಂಡ ಹೆಂಗಸು ಒಂದು ಕ್ಷಣ ಸುಮ್ಮನಾಗಿ, "ಮೇಡಂ, ಅದು ನಾವು ಕಟ್ಟಿದ್ದಲ್ಲ, ಕಡಿಯಂನಿಂದ ತಂದಿದ್ದು. ಅದರ ಹಣ್ಣು ನಾನು ನೋಡಿಲ್ಲ. ನಮ್ಮ ಮನೆ ಹಿಂದೇನೇ ಒಂದು ಹಳದಿ ತೊಳೆ ಮರ ಇದೆ, ನಮ್ಮ ಮಾವನವರ ಕಾಲದ್ದು. ಅದರ ಕಡ್ಡಿ ಕಟ್ಟಿರೋ ಗಿಡ ಇದಾವೆ. ಅದಾದ್ರೆ ಧೈರ್ಯವಾಗಿ ಕೊಡ್ತೀನಿ" ಅಂದರು. ಅದನ್ನೇ ತರಿಸಿದೆ. 180 ರೂಪಾಯಿ, ಕೊರಿಯರ್ ಬೇರೆ. ಜೊತೆಗೆ ಮರದ ಫೋಟೋನೂ ಕಳಿಸಿದ್ದರು, ಬುಡದಿಂದಲೇ ಕಾಯಿ ಹಿಡಿದಿದ್ದ ಮರ, ಪಕ್ಕದಲ್ಲಿ ಒಂದು ಬಟ್ಟೆ ಒಗೆಯುವ ಕಲ್ಲು. ಆ ಮರದ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಹೆಸರು ಮಾಡಿದ ತಳಿಗಿಂತ ಈ ಮರದ ಮೇಲೆ ನನಗೆ ಜಾಸ್ತಿ ನಂಬಿಕೆ.

ಗಿಡ ಮಾರುವವರಿಂದ ನಾನು ಕೇಳುವುದು ದೊಡ್ಡದೇನಲ್ಲ. ಹಣ್ಣು ಬರುವವರೆಗೆ ದುಡ್ಡು ವಾಪಸ್ ಕೊಡುವ ಗ್ಯಾರಂಟಿ ಯಾರಿಂದಲೂ ಆಗುವುದಿಲ್ಲ, 200 ರೂಪಾಯಿ ಗಿಡದಲ್ಲಿ ಅದು ನ್ಯಾಯವೂ ಅಲ್ಲ. ಗಿಡಕ್ಕೆ ಒಂದು ಚೀಟಿ ಕಟ್ಟಲಿ. ತಳಿ, ಕಡ್ಡಿ ತಂದ ಮರ ಇರುವ ಊರು, ಕಸಿ ಕಟ್ಟಿದ ತಿಂಗಳು, ಇಷ್ಟು ಬರೆಯಲಿ. ಬೇರೆ ಕಡೆಯಿಂದ ತಂದ ಗಿಡವಾದರೆ ಹಾಗೆಂದೇ ಬರೆಯಲಿ. ರಾಷ್ಟ್ರೀಯ ತೋಟಗಾರಿಕಾ ಮಂಡಳಿಯವರು ಹಣ್ಣಿನ ನರ್ಸರಿಗಳನ್ನು ಪರೀಕ್ಷಿಸಿ ಮಾನ್ಯತೆ ಕೊಡುತ್ತಾರೆ, ತಾಯಿ ಮರಗಳ ತಾಕು ಇದೆಯಾ ಅಂತ ನೋಡುವುದೂ ಅದರಲ್ಲಿ ಸೇರಿದೆ. ಅಂಥ ನರ್ಸರಿಗಳು ಅದನ್ನು ಜಾಹೀರಾತಿನಲ್ಲಿ ಮೊದಲನೇ ಸಾಲಿಗೆ ಹಾಕಿಕೊಳ್ಳಬೇಕು. ಹಣ್ಣಿನ ಫೋಟೋ ಆಮೇಲೆ.

ನಮ್ಮ ಕಡೆಯಿಂದಲೂ ಒಂದು ಕೆಲಸ ಬಾಕಿ ಇದೆ. ಗಿಡ ಕಳಿಸಿದವರಿಗೆ ಅದು ಮುಂದೆ ಏನಾಯಿತು ಅಂತ ಯಾರೂ ತಿಳಿಸುವುದಿಲ್ಲ. ಸತ್ತರೆ ಅವತ್ತೇ ಬಯ್ಯುತ್ತೇವೆ. ಬದುಕಿ ಹಣ್ಣು ಬಿಟ್ಟರೆ ಮರೆತುಬಿಡುತ್ತೇವೆ. ನಮ್ಮ ಸೀತಾಫಲ ಅರ್ಕಾ ಸಹನ್ ಅಂತ ಬಂದದ್ದು. ಹಣ್ಣು ಬಿಟ್ಟಾಗ ಕತ್ತರಿಸಿ ನೋಡಿದೆ. ಬೀಜ ಕಡಿಮೆ, ತಿರುಳು ದಪ್ಪ, ಬಹಳ ಸಿಹಿ, ಅದೇ ತಳಿ ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಫೋಟೋ ತೆಗೆದು ಹಳೆಯ ನಂಬರಿಗೆ ಕಳಿಸಿದೆ. ಸಂಜೆ ಆ ನರ್ಸರಿಯವರೇ ಫೋನ್ ಮಾಡಿದರು. ತೆಲುಗು ಬೆರೆಸಿದ ಕನ್ನಡದಲ್ಲಿ ಮಾತಾಡಿದರು. ಎಷ್ಟು ಗ್ರಾಂ ತೂಗಿತು, ಹೂವಿಗೆ ಕೈಯಲ್ಲಿ ಪರಾಗ ಮುಟ್ಟಿಸಿದಿರಾ, ಯಾವ ಮಣ್ಣು ಅಂತ ಒಂದೊಂದೇ ಕೇಳಿದರು. ಆಮೇಲೆ, "ಮೇಡಂ, ಚೀಟಿ ಇನ್ನೂ ಇದೆಯಾ? ಅದರ ಮೇಲೆ ಯಾವ ತಿಂಗಳು ಅಂತ ಇದೆ ನೋಡಿ ಹೇಳ್ತೀರಾ? ಆ ಸಲ ಕಟ್ಟಿದ್ದ ಗಿಡ ಇನ್ನೂ ತುಂಬಾ ಜನಕ್ಕೆ ಕಳಿಸಿದೀನಿ, ಅವರಿಗೂ ಹೇಳಬೇಕು" ಅಂದರು. ಚೀಟಿ ಇತ್ತು, ಬಿಲ್ ಜೊತೆ ಪಿನ್ ಮಾಡಿ ಇಟ್ಟಿದ್ದೆ. ಓದಿ ಹೇಳಿದೆ, ಅವರು ಬರೆದುಕೊಂಡರು.